ಆ ಒಂದು ಸಾಲು ಸಿಕ್ಕಿದ್ದು ಹೀಗೆ

ಮಂಗಳೂರು ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಬೋಟ್‌ಗಳ ಲೆಕ್ಕ ಬರೆಯುವ ಗೆಳೆಯನ ಹತ್ತಿರ ಒಂದು ಹಳೇ ಸಿ ಪ್ರೋಗ್ರಾಂ ಇದೆ. ಬಂಗುಡೆ, ಬೂತಾಯಿ, ಅಂಜಲ್ ಮಾರಾಟದ ಫೈಲನ್ನು ಇಡಿಯಾಗಿ ಒಂದೇ ಬಫರಿಗೆ (ಮೆಮೊರಿಯ ಒಂದು ಜಾಗಕ್ಕೆ) ಓದಿ ಬೋಟ್‌ವಾರು ಮೊತ್ತ ಕೊಡುತ್ತದೆ. ಸೀಸನ್ ಮುಂದುವರಿದ ಹಾಗೆ ಅದು ತೆವಳತೊಡಗಿತು. ಫೈಲ್ ಎರಡು ಪಟ್ಟಾದರೆ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟು. ಎಲ್ಲೋ ಒಂದು ಲೂಪಿನದ್ದೇ ಕಾಟ ಅನ್ನಿಸಿತು. ಯಾವುದು?

ಮೊದಲು ಪರ್ಫ್ ಓಡಿಸಿದೆವು; ಸಮಯ ಯಾವ ಫಂಕ್ಷನ್‌ನಲ್ಲಿ ಹೋಗುತ್ತಿದೆ ಅಂತ ತೋರಿಸುವ ಲಿನಕ್ಸ್ ಟೂಲ್ ಅದು. ಜಾಸ್ತಿ ಸಮಯ ಸ್ಟ್ರ್‌ಲೆನ್‌ನಲ್ಲಿ ಅಂತ ತೋರಿಸಿತು. ಅದು ಅಕ್ಷರಗಳನ್ನು ಎಣಿಸಿ ಪಠ್ಯದ ಉದ್ದ ಹೇಳುವ, ಸಿ ಲೈಬ್ರರಿಯ ಫಂಕ್ಷನ್. ಅದನ್ನು ಕರೆಯುವ ಸಾಲು ಗೊತ್ತಾಗಬೇಕಲ್ವಾ? ಡೀಬಗ್ ಮಾಹಿತಿ (ಸೋರ್ಸ್ ಕೋಡಿನ ಸಾಲುಗಳ ಗುರುತು) ಸೇರಿಸಿ ಕಂಪೈಲ್ ಮಾಡಿ, ವಾಲ್‌ಗ್ರಿಂಡ್‌ನ ಕಾಲ್‌ಗ್ರಿಂಡ್‌ನಲ್ಲಿ ಓಡಿಸಿದೆವು; ಪ್ರೋಗ್ರಾಂ ನಡೆಸಿದ ಇನ್‌ಸ್ಟ್ರಕ್ಷನ್‌ಗಳನ್ನೂ (ಪ್ರೊಸೆಸರ್‌ಗೆ ಕೊಡುವ ಆದೇಶ) ಫಂಕ್ಷನ್ ಕರೆಗಳನ್ನೂ ಎಣಿಸುವ ಟೂಲ್ ಅದು. ಆಪ್ಟಿಮೈಸೇಶನ್ (ಕಂಪೈಲರ್ ತಾನೇ ಕೋಡನ್ನು ಚುರುಕು ಮಾಡುವುದು) ಹಾಗೇ ಇರಲಿ. ಇದರಲ್ಲಿ ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನವಾಗುತ್ತದೆ, ಅದಕ್ಕೇ ಚಿಕ್ಕ ಫೈಲ್ ಕೊಡಿ.

ಆಮೇಲೆ ಕಾಲ್‌ಗ್ರಿಂಡ್ ಆನೊಟೇಟ್, ಅಂದರೆ ಆ ಎಣಿಕೆಯನ್ನು ಓದಿ ತೋರಿಸುವ ಕಮಾಂಡ್. ನನಗೆ ತುಂಬಾ ಇಷ್ಟವಾದದ್ದು ಇದೇ. ನಮ್ಮದೇ ಸೋರ್ಸ್ ಕೋಡ್, ಪ್ರತಿ ಸಾಲಿನ ಎಡಕ್ಕೆ ಅದು ನಡೆಸಿದ ಇನ್‌ಸ್ಟ್ರಕ್ಷನ್‌ಗಳ ಲೆಕ್ಕ. ಬೇರೆ ಫಂಕ್ಷನ್ ಕರೆದಿದ್ದರೆ ಆ ಸಾಲಿನ ಕೆಳಗೇ ಎಷ್ಟು ಸಲ ಅಂತ ಇರುತ್ತದೆ. ಕಾಮಾ ತೆಗೆದು ಸ್ಪೇಸ್ ಹಾಕುವ ಫಾರ್ ಲೂಪಿನ ಷರತ್ತು ಹೀಗಿತ್ತು: ಐ < ಸ್ಟ್ರ್‌ಲೆನ್(ಬಫ್). ಬಫರಿನಲ್ಲಿ ಎಷ್ಟು ಅಕ್ಷರವೋ ಅಷ್ಟು ಸಲ ಕರೆ, ಪ್ರತಿ ಸಲವೂ ಮೊದಲಿನಿಂದ ಕೊನೆವರೆಗೆ ಎಣಿಕೆ! ಲೂಪಿನೊಳಗೇ ಬಫ್ ಬದಲಾಗುತ್ತಿತ್ತು, ಹಾಗಾಗಿ ಕಂಪೈಲರ್ ಆ ಕರೆಯನ್ನು ಲೂಪಿನ ಹೊರಗೆ ಎತ್ತಿಡಲಿಲ್ಲ.

ಉದ್ದವನ್ನು ಲೂಪಿಗೆ ಮೊದಲೇ ಒಂದು ವೇರಿಯೆಬಲ್‌ಗೆ ಹಾಕಿದೆವು. ಅಷ್ಟೇ. ಈಗ ಮೊತ್ತ ಕೂಡಲೇ ಬರುತ್ತದೆ.

ಒಂದು ಮಾತು ನೆನಪಿರಲಿ. ಈ ಅಂಕಿ ಇನ್‌ಸ್ಟ್ರಕ್ಷನ್‌ಗಳದ್ದು, ಸೆಕೆಂಡುಗಳದ್ದಲ್ಲ. ಡಿಸ್ಕಿಗೋ ನೆಟ್‌ವರ್ಕಿಗೋ ಕಾಯುವ ಹೊತ್ತು ಇದರಲ್ಲಿ ಕಾಣಿಸುವುದಿಲ್ಲ.