ಕಾಫಿ ಕಣದ ಜಾಗಕ್ಕಾಗಿ ವರ್ಷವಿಡೀ ನೆರಳು ಅಳೆದದ್ದು

ಚಿಕ್ಕಮಗಳೂರಿನ ಸಮೀಪದ ನಮ್ಮ ತೋಟದಲ್ಲಿ ಕಾಫಿ ಒಣಗಿಸುವ ಹೊಸ ಕಣ ಮಾಡಿಸುವ ಮೊದಲು, ಅದಕ್ಕೆಂದು ಗೊತ್ತುಮಾಡಿದ ಜಾಗದಲ್ಲಿ ಒಂದು ಮೀಟರ್ ಎತ್ತರದ ಗಳು ನೆಟ್ಟು, ವರ್ಷವಿಡೀ ಅದರ ನಡುಹಗಲಿನ ನೆರಳನ್ನು ಅಳೆದೆ. ಕಣಕ್ಕೆ ಬಿಸಿಲು ಬೇಕಾಗುವುದು ಅರೇಬಿಕಾ ತಳಿಯ ಕಾಫಿ ಕೊಯ್ಲು ಜೋರಾಗಿರುವ ಡಿಸೆಂಬರಿನಿಂದ, ತಡವಾಗಿ ಬರುವ ರೊಬಸ್ಟಾ ಕಾಫಿ ಒಣಗಿ ಮುಗಿಯುವವರೆಗೆ. ಆ ದಿನಗಳಲ್ಲಿ ತೋಟದ ಸಿಲ್ವರ್ ಓಕ್ ಮರಗಳ ನೆರಳು ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ಮೇ ತಿಂಗಳಲ್ಲಿ ಮರದ ಬುಡದಲ್ಲಿ ನಿಂತು ಊಹಿಸಲು ಬರುವುದಿಲ್ಲ.

ಗಳು ನೆಟ್ಟಗಿದೆಯೇ ಎಂದು ಗಾರೆಯವರ ತೂಕದ ಗುಂಡಿನಿಂದಲೂ, ನೆಲ ಸಮವಾಗಿದೆಯೇ ಎಂದು ರಸಮಟ್ಟದಿಂದಲೂ ನೋಡಿಕೊಂಡೆ. ಬಳಿಕ ಗಳುವಿನ ಬುಡಕ್ಕೆ ದಾರ ಕಟ್ಟಿ ನೆಲದ ಮೇಲೆ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವಾಗ ಮುಟ್ಟುವ ಜಾಗಕ್ಕೂ ಮಧ್ಯಾಹ್ನದ ಮೇಲೆ ಹೊರಗೆ ಹೋಗುವಾಗ ಮುಟ್ಟುವ ಜಾಗಕ್ಕೂ ಮೊಳೆ ಹೊಡೆದೆ. ಆ ಎರಡು ಮೊಳೆಗಳ ನಡುಬಿಂದುವಿನಿಂದ ಗಳುವಿನ ಬುಡಕ್ಕೆ ಎಳೆದ ಗೆರೆಯೇ ಉತ್ತರ–ದಕ್ಷಿಣ. ನಮ್ಮ ಪ್ರಾಚೀನ ಜ್ಯೋತಿರ್ವಿದರು ಶಂಕುವಿನಿಂದ, ಅಂದರೆ ನೆರಳು ನೋಡಲು ನೆಟ್ಟ ಕಡ್ಡಿಯಿಂದ, ದಿಕ್ಕು ಕಂಡುಕೊಳ್ಳುತ್ತಿದ್ದ ಕ್ರಮವೂ ಇದೇ, ಮತ್ತು ಕೈಯಲ್ಲಿ ದಿಕ್ಸೂಚಿಯಿದ್ದರೂ ನಾನು ಇದನ್ನೇ ಹೆಚ್ಚು ನಂಬುತ್ತೇನೆ. ನೆರಳು ಆ ಗೆರೆಯ ಮೇಲೆ ಬಂದಾಗಲೇ ನಿಜವಾದ ನಡುಹಗಲು. ಗಡಿಯಾರದ ಹನ್ನೆರಡು ಗಂಟೆ ಇದಕ್ಕೆ ಆಗಿಬರುವುದಿಲ್ಲ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಸುಮಾರು 12.25ಕ್ಕೂ ಫೆಬ್ರವರಿ ನಡುವಿನಲ್ಲಿ ಸುಮಾರು 12.41ಕ್ಕೂ ನೆರಳು ಗೆರೆ ಮುಟ್ಟುತ್ತದೆ.

ಡಿಸೆಂಬರ್ 22ರ ಆಸುಪಾಸಿನಲ್ಲಿ ನಡುಹಗಲಿನ ನೆರಳು ಉತ್ತರಕ್ಕೆ ಸುಮಾರು 75 ಸೆಂಟಿಮೀಟರ್ ಚಾಚಿತ್ತು. ಫೆಬ್ರವರಿ ಕೊನೆಗೆ ಅದು 39ಕ್ಕೂ, ಹಗಲಿರುಳು ಸಮನಾಗುವ ಮಾರ್ಚ್ 21ರ ಹೊತ್ತಿಗೆ 24ಕ್ಕೂ ಇಳಿದು, ಏಪ್ರಿಲ್ 25ರ ಸುಮಾರಿಗೆ ಗಳುವಿನ ಬುಡದಲ್ಲೇ ಅಡಗಿತು. ಅಲ್ಲಿಂದ ಮುಂದೆ ನೆರಳು ದಕ್ಷಿಣಕ್ಕೆ ಹೊರಳಿ, ಜೂನ್ 21ರ ವೇಳೆಗೆ ಬರೀ 18 ಸೆಂಟಿಮೀಟರ್ ಆಯಿತು. ಮಳೆಗಾಲವಾದ್ದರಿಂದ ಅದನ್ನು ಮೋಡದ ಬಿಡುವು ಕಾದು ಅಳೆಯಬೇಕು. ಉತ್ತರಾಯಣವನ್ನು ನಾವು ಸಂಕ್ರಾಂತಿಗೆ ಆಚರಿಸುತ್ತೇವಾದರೂ, ನೆರಳು ಮೂರು ವಾರ ಮೊದಲೇ ತಿರುಗಿರುತ್ತದೆ.

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ಓರೆಯಾಗಿದ್ದು, ಸೂರ್ಯನನ್ನು ಸುತ್ತುವ ದಾರಿಯುದ್ದಕ್ಕೂ ಒಂದೇ ದಿಕ್ಕಿಗೆ ವಾಲಿಕೊಂಡಿರುವುದರಿಂದ ಹೀಗಾಗುತ್ತದೆ. ಜೂನಿನಲ್ಲಿ ಉತ್ತರಾರ್ಧ ಗೋಳ ಸೂರ್ಯನ ಕಡೆಗೆ ವಾಲಿರುತ್ತದೆ, ಡಿಸೆಂಬರಿನಲ್ಲಿ ಆಚೆಗೆ. ನಮ್ಮ ಅಕ್ಷಾಂಶ 13.3 ಡಿಗ್ರಿ, ಅದಕ್ಕೆ 23.4 ಕೂಡಿಸಿದರೆ ಡಿಸೆಂಬರಿನ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕಿರುವುದು ತಿಳಿಯುತ್ತದೆ. ಚಳಿಗಾಲದಲ್ಲಿ ಸೂರ್ಯ ದೂರವಿರುತ್ತಾನೆಂದು ಅನೇಕರು ಭಾವಿಸುತ್ತಾರೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ 14.71 ಕೋಟಿ ಕಿಲೋಮೀಟರ್ ದೂರದಲ್ಲಿ ಇರುವುದು ಮಲೆನಾಡು ನಡುಗುವ ಜನವರಿ ಮೊದಲ ವಾರದಲ್ಲಿಯೇ. ಜುಲೈನಲ್ಲಿ ಆ ದೂರ 15.21 ಕೋಟಿ. ಚಳಿಗೆ ಕಾರಣ ಓರೆ ಬಿಸಿಲು ಮತ್ತು ಗಿಡ್ಡ ಹಗಲು. ಡಿಸೆಂಬರಿನ ನಡುಹಗಲಿನಲ್ಲಿ ಒಂದು ಚದರ ಅಡಿ ಸಮತಟ್ಟು ಕಣಕ್ಕೆ ಸಿಗುವ ನೇರ ಬಿಸಿಲು, ಸೂರ್ಯ ನೆತ್ತಿಯ ಮೇಲಿದ್ದಾಗ ಸಿಗುವುದರ ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ. ಜೂನಿನಲ್ಲಿ ಸೂರ್ಯ ಎತ್ತರದಲ್ಲಿದ್ದರೂ ಇಲ್ಲಿ ಸೆಕೆಯಿಲ್ಲದಿರುವುದು ಮುಂಗಾರಿನ ಮೋಡದಿಂದ.

ಕಣದ ಮಟ್ಟಿಗೆ ನಡುಹಗಲಿಗಿಂತ ಬೆಳಗಿನ ನೆರಳೇ ಮುಖ್ಯವೆಂದು ಅಳತೆಯಿಂದ ಸ್ಪಷ್ಟವಾಯಿತು. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನೆರಳು ಎತ್ತರದ 1.9 ಪಟ್ಟು ಉದ್ದವಾಗಿ ವಾಯವ್ಯಕ್ಕೆ ಬೀಳುತ್ತದೆ. ಅಂದರೆ 60 ಅಡಿಯ ಮರ ಆಗ್ನೇಯದಲ್ಲಿ 110 ಅಡಿ ದೂರದಲ್ಲಿದ್ದರೂ ಅದರ ನೆರಳು ಕಣದ ಅಂಚನ್ನು ಮುಟ್ಟುತ್ತದೆ. ಆದ್ದರಿಂದ ಆಗ್ನೇಯದ ಸಿಲ್ವರ್ ಮರಗಳಲ್ಲಿ ದೂರದವನ್ನು ಮರಗಸಿ ಮಾಡಿಸಿ (ಕೊಂಬೆ ಸವರಿಸಿ), ಹತ್ತಿರದವನ್ನು ಕಡಿಸಿದೆ. ನೇರ ದಕ್ಷಿಣದಲ್ಲಿ 45 ಅಡಿಯೊಳಗೆ ಎತ್ತರದ ಮರ ಉಳಿಸಲಿಲ್ಲ. ಉತ್ತರದ ಮರಗಳನ್ನು ಒಂದನ್ನೂ ಮುಟ್ಟಬೇಕಾಗಲಿಲ್ಲ, ಏಕೆಂದರೆ ಕಾಫಿ ಒಣಗಿಸುವ ತಿಂಗಳುಗಳಲ್ಲಿ ಅವುಗಳ ನೆರಳು ಹಗಲಿನ ಯಾವ ಹೊತ್ತಿನಲ್ಲೂ ಕಣದ ಕಡೆಗೆ ಹೊರಳದೆ ಹಿಂದಿನ ಗಿಡಗಳ ಮೇಲೆಯೇ ಬೀಳುತ್ತದೆ.