ಹಾರುವ ವಿಎಫ್‌ಒ ಹಿಡಿತಕ್ಕೆ ಬಂತು: ಟಿಎಸ್-520ಎಸ್ ರಿಪೇರಿ, ನನ್ನ ಅನುಭವ

ಕೆನ್‌ವುಡ್‌ನ ಹಳೆ ಹ್ಯಾಮ್ ರೇಡಿಯೋ ಸೆಟ್ (ರಿಗ್) ಟಿಎಸ್-520ಎಸ್‌ನ ಫ್ರೀಕ್ವೆನ್ಸಿ ಹಾರುತ್ತದೆ ಎಂದ ಕೂಡಲೇ ಸಿಗುವ ಸಲಹೆ ಒಂದೇ: ಹಳೆ ವಿಎಫ್‌ಒ (ಡಯಲ್ ತಿರುಗಿಸಿ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) ಬಿಸಾಡಿ, ಎಸ್‌ಐ5351 ಎಂಬ ಡಿಜಿಟಲ್ ಆಸಿಲೇಟರ್ ಬೋರ್ಡ್ ಹಾಕಿ. ಮಂಗಳೂರಿನ ಓಎಂಗಳೂ (ಹ್ಯಾಮ್ ಗೆಳೆಯರೂ) ಅದನ್ನೇ ಹೇಳಿದರು. ಕಡಲ ಬದಿಯ ಉಪ್ಪುಗಾಳಿ ತಿಂದ ಗ್ಯಾಂಗ್ (ಡಯಲ್ ಜೊತೆ ತಿರುಗುವ ಪ್ಲೇಟುಗಳ ಕೆಪಾಸಿಟರ್) ಮತ್ತೆ ಸರಿಯಾಗುವುದುಂಟೇ ಮಾರಾಯ್ರೆ ಎಂದು ನಕ್ಕವರೂ ಇದ್ದರು. ಬೋರ್ಡ್, ಅದನ್ನು ನಡೆಸುವ ಅರ್ಡುಯಿನೋ ನ್ಯಾನೋ, ತಿರುಗಿಸುವ ಎನ್‌ಕೋಡರ್, ಡಿಸ್‌ಪ್ಲೇ ಎಲ್ಲ ಸೇರಿ ಸಾವಿರದ ಐನೂರರ ಹತ್ತಿರ ಬೀಳುತ್ತದೆ. ಮೇಲೆ ಅದರ ಗದ್ದಲವನ್ನು ರಿಸೀವರಿನಿಂದ ದೂರ ಇಡುವ ಕೆಲಸ ಬೇರೆ. ನನ್ನ ಖರ್ಚು ಐನೂರು ದಾಟಲಿಲ್ಲ. ರಿಗ್ ಮಳೆಗಾಲ ಕಳೆದು 40 ಮೀಟರ್ ಬ್ಯಾಂಡಿನಲ್ಲಿ ಇಟ್ಟಲ್ಲೇ ಇದೆ.

ಹಾರುವುದು (ತಟ್ಟನೆ ಜಿಗಿಯುವುದು) ಬೇರೆ, ಜಾರುವುದು (ನಿಧಾನ ಸರಿಯುವುದು) ಬೇರೆ. ಇದನ್ನು ಬೇರ್ಪಡಿಸದೆ ಸೋಲ್ಡರಿಂಗ್ ಐರನ್ ಬಿಸಿ ಮಾಡಬಾರದು. ಒಂದೇ ಬ್ಯಾಂಡಿನಲ್ಲಿ ತೊಂದರೆ ಇದ್ದರೆ ಆ ಬ್ಯಾಂಡಿನ ಹೆಟ್ ಕ್ರಿಸ್ಟಲ್ (ಬ್ಯಾಂಡಿಗೆ ತಕ್ಕ ಆಸಿಲೇಟರಿನ ಕ್ರಿಸ್ಟಲ್) ಅಥವಾ ಬ್ಯಾಂಡ್ ಸ್ವಿಚ್ ನೋಡಿ. ಎಲ್ಲ ಬ್ಯಾಂಡಿನಲ್ಲೂ ಅಷ್ಟಕ್ಕಷ್ಟೇ ಹಾರಿದರೆ ವಿಎಫ್‌ಒ. ಡಿಜಿ-5 ಎಂಬ ಹೊರಗಿನ ಡಿಸ್‌ಪ್ಲೇಗೆಂದು ರಿಗ್ಗಿನ ಹಿಂಬದಿಯಲ್ಲಿ ಕೊಟ್ಟ ವಿಎಫ್‌ಒ ಜ್ಯಾಕಿಗೆ ಫ್ರೀಕ್ವೆನ್ಸಿ ಕೌಂಟರ್ ಹಾಕಬಹುದು. ನಾನು ಮಾತ್ರ ಡೈರೆಕ್ಟ್ ಸ್ಯಾಂಪ್ಲಿಂಗ್ (ಕೆಳಗಿನ ಫ್ರೀಕ್ವೆನ್ಸಿಗಳನ್ನೂ ಹಿಡಿಯುವ ವಿಧಾನ) ಇರುವ ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಬಳಸುತ್ತೇನೆ. 5 ಮೆಗಾಹರ್ಟ್ಜ್ ಸುತ್ತಿನ ಗೆರೆ ವಾಟರ್‌ಫಾಲ್‌ನಲ್ಲಿ (ಸಮಯ ಹೋದಂತೆ ಫ್ರೀಕ್ವೆನ್ಸಿ ತೋರಿಸುವ ಪರದೆಯ ಚಿತ್ರ) ಮೆಟ್ಟಿಲಾಗಿ ಮುರಿದರೆ ಕಾಂಟ್ಯಾಕ್ಟ್ ದೋಷ, ನಿಧಾನ ಬಾಗಿದರೆ ಬಿಸಿಯ ದೋಷ. ಕೌಂಟರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಆಮೇಲೆ ಆರ್‌ಐಟಿ (ರಿಸೀವ್ ಫ್ರೀಕ್ವೆನ್ಸಿಯನ್ನು ಮಾತ್ರ ಕೊಂಚ ಸರಿಸುವ ನಾಬ್) ಆಫ್ ಮಾಡಿ ನೋಡಿ. ಹಾರಾಟ ನಿಂತರೆ ಆ ನಾಬಿನ ಪಾಟ್ (ಪೊಟೆನ್ಶಿಯೋಮೀಟರ್) ಕೊಳೆ ಹಿಡಿದಿದೆ, ಕೆಲಸ ಅಲ್ಲಿಗೇ ಮುಗಿಯಿತು. ವಿಎಫ್‌ಒಗೆ ಹೋಗುವ 9 ವೋಲ್ಟ್ ಲೈನಿಗೆ ಮೀಟರ್ ಹಾಕಿ. ಹಾರುವ ಹೊತ್ತಿಗೆ ಅದೂ ಅಲುಗಿದರೆ ರೆಗ್ಯುಲೇಟರ್ ಕಡೆ ಹೋಗಿ. ಎರಡೂ ಗಟ್ಟಿಯಿದ್ದರೆ, ಡಯಲ್ ತಿರುಗಿಸದೆ ಗ್ಯಾಂಗಿನ ಶಾಫ್ಟನ್ನು ಬಿದಿರಿನ ಕಡ್ಡಿಯಿಂದ ಮೆಲ್ಲ ಒತ್ತಿ. ಗೆರೆ ಮೆಟ್ಟಿಲು ಹತ್ತಿದರೆ ಕಳ್ಳ ಸಿಕ್ಕಿದ ಹಾಗೆ. ರೋಟರಿಗೆ (ಗ್ಯಾಂಗಿನ ತಿರುಗುವ ಭಾಗಕ್ಕೆ) ಅರ್ತ್ ಕೊಡುವ ವೈಪರ್ ಸ್ಪ್ರಿಂಗ್ ಶಾಫ್ಟನ್ನು ಸರಿಯಾಗಿ ಮುಟ್ಟುತ್ತಿಲ್ಲ. ಕರೆಂಟು ಗಟ್ಟಿಯಾದ ಗ್ರೀಸಿನ ನಡುವೆ ಬೇರಿಂಗ್ ಗುಂಡುಗಳ ಮೇಲೆ ದಾರಿ ಹುಡುಕುತ್ತದೆ. ನನ್ನದರಲ್ಲಿ 400 ಹರ್ಟ್ಜ್‌ನಿಂದ 2 ಕಿಲೋಹರ್ಟ್ಜ್‌ವರೆಗೂ ಹಾರುತ್ತಿತ್ತು, ಜುಲೈಯಲ್ಲಿ ಇನ್ನೂ ಜಾಸ್ತಿ.

ಕೆಲಸ ಕೊಡದ ಉಪಾಯಗಳ ಪಟ್ಟಿ ಉದ್ದ ಉಂಟು. ಮೇಲಿನಿಂದ ಕಾಂಟ್ಯಾಕ್ಟ್ ಸ್ಪ್ರೇ ಹೊಡೆದರೆ ಒಂದು ವಾರ ಚಂದ. ಆಮೇಲೆ ಕರಗಿದ ಗ್ರೀಸ್ ಸ್ಪ್ರಿಂಗಿಗೇ ಇಳಿದು ಮೊದಲಿಗಿಂತ ಹಾಳು, ಪ್ಲೇಟುಗಳ ನಡುವೆ ಎಣ್ಣೆ ಪಸೆ ಉಳಿದು ಡಯಲ್ ಲೆಕ್ಕವೂ ತಪ್ಪುತ್ತದೆ. ಆಮದು ಸ್ಪ್ರೇ ಒಂದು ಡಬ್ಬಿಗೆ ಸಾವಿರದ ಮೇಲೆ, ಅದು ನೀರಿಗೆ ಹಾಕಿದ ದುಡ್ಡು. ವಿಎಫ್‌ಒದ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಬದಲಿಸಿದ್ದರಿಂದ ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಕೆಪಾಸಿಟರ್ ಬದಲಿಸುವುದು ಅದಕ್ಕಿಂತ ಅಪಾಯ: ಪೇಟೆಯಲ್ಲಿ ಕೈಗೆ ಸಿಗುವ ಸಾಮಾನ್ಯ ಡಿಸ್ಕ್ ಹಾಕಿದರೆ ಹಾರಾಟ ಹಾಗೇ ಇದ್ದು ಜಾರಾಟವೂ ಜೊತೆಗೂಡುತ್ತದೆ. ಹಾಕಲೇಬೇಕಿದ್ದರೆ ಬಿಸಿಯಾದರೂ ಅಳತೆ ಬದಲಾಗದ ಎನ್‌ಪಿ0 ಮಾತ್ರ.

ಈಗ ಕೆಲಸ. ಪ್ಲಗ್ ಕಿತ್ತು, ಫೈನಲ್‌ಗಳ (ಟ್ರಾನ್ಸ್‌ಮಿಟರಿನ ಕೊನೆಯ ಪವರ್ ವಾಲ್ವ್‌ಗಳ) ಸುಮಾರು 800 ವೋಲ್ಟ್ ಸಪ್ಲೈಯ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿ. ಗ್ಯಾಂಗ್ ಪೂರ್ತಿ ಮುಚ್ಚಿದಾಗ ಡಯಲ್ ಎಲ್ಲಿ ನಿಲ್ಲುತ್ತದೆಂದು ಪೆನ್ಸಿಲ್ ಗುರುತು ಮಾಡಿಟ್ಟು ವಿಎಫ್‌ಒ ಪೆಟ್ಟಿಗೆ ಹೊರತೆಗೆಯಿರಿ.

ತೊಳೆಯಲು 99 ಶೇಕಡಾ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬೇಕು, ಅರ್ಧ ಲೀಟರಿಗೆ ಇನ್ನೂರೈವತ್ತು ಮುನ್ನೂರು. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಪೆಟ್ರೋಲ್, ಥಿನ್ನರ್ ಅಂತೂ ಹತ್ತಿರವೂ ತರಬೇಡಿ. ಗ್ರೀಸ್ ಬೇಗ ಕರಗುತ್ತದೆ ನಿಜ, ಪಾಲಿಸ್ಟೈರಿನ್ ಕೆಪಾಸಿಟರ್ ಇದ್ದರೆ ಅದೂ ಕರಗುತ್ತದೆ. ಇನ್ಸುಲಿನ್ ಸಿರಿಂಜಿನಲ್ಲಿ ಐಪಿಎ ತುಂಬಿ ಬೇರಿಂಗಿಗೆ ಹನಿ ಹನಿ ಬಿಡಿ, ಶಾಫ್ಟನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಕಪ್ಪು ನೀರನ್ನು ಟಿಶ್ಯೂಗೆ ಹೀರಿಸಿ. ಕಪ್ಪು ನಿಲ್ಲುವ ತನಕ ಇದೇ ಕೆಲಸ. ಅವಸರದವರು ಇಲ್ಲಿಯೇ ಬಿಟ್ಟುಬಿಡುತ್ತಾರೆ, ಮತ್ತೆ ಉಪಾಯವೇ ಸರಿಯಿಲ್ಲ ಎನ್ನುತ್ತಾರೆ.

ನಂತರ ಪ್ರತಿ ವೈಪರಿನ ಅಡಿಗೆ ಐಪಿಎಯಲ್ಲಿ ನೆನೆಸಿದ ವಿಸಿಟಿಂಗ್ ಕಾರ್ಡಿನ ಪಟ್ಟಿ ತೂರಿಸಿ ಎಳೆಯಿರಿ. ಮರಳು ಕಾಗದ ಬೇಡ, ಮೇಲಿನ ಲೇಪ ಹೋದರೆ ನಮ್ಮ ಗಾಳಿಯಲ್ಲಿ ಕಿಲುಬು ಬೇಗ. ಸ್ಪ್ರಿಂಗನ್ನು ಸ್ವಲ್ಪವೇ ಬಗ್ಗಿಸಿ ಬಿಗಿ ಮಾಡಿ, ಸೂಜಿ ತುದಿಯಲ್ಲಿ ಕಾಂಟ್ಯಾಕ್ಟ್ ಆಯಿಲ್ ಒಂದು ಹನಿ. ಬೇರಿಂಗಿಗೆ ಹೊಸ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ಯಾವ ಗ್ರೀಸ್ ಎಂದು ಬರೆಯುವುದಿಲ್ಲ, ಬೈಕಿನದ್ದಲ್ಲ ಎಂದಷ್ಟೇ ಹೇಳುತ್ತೇನೆ.

ಎಲ್ಲರೂ ಮರೆಯುವುದು ಬೋರ್ಡಿನ ಸ್ಕ್ರೂಗಳನ್ನು. ಬೋರ್ಡಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಛಾಸಿಗೆ ಅರ್ತ್ ಹೋಗುವುದು ಅವುಗಳಿಂದಲೇ. ಬಿಚ್ಚಿ, ಒರಸಿ, ಸ್ಟಾರ್ ವಾಷರ್ ಹಾಕಿ ಬಿಗಿಮಾಡಿ. ನನ್ನದರಲ್ಲಿ ಉಳಿದಿದ್ದ ನೂರಿನ್ನೂರು ಹರ್ಟ್ಜ್ ಹಾರಾಟ ಹೋದದ್ದು ಇದರಿಂದ. ಈಗ ಬಿಸಿಯಾದ ಮೇಲೆ ಅರ್ಧ ಗಂಟೆಗೆ ಐವತ್ತು ಅರವತ್ತು ಹರ್ಟ್ಜ್ ಒಳಗೇ ಇದೆ. ಮ್ಯಾನುಯಲ್ ಹೇಳುವುದು 100. ಎಸ್‌ಐ5351 ಹಾಕಿ ಎಂದವರು ಬಂದು ಕೇಳಿ ಹೋಗಿದ್ದಾರೆ.

ನಡುವೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ನೋಡಿದ್ದೂ ಆಯಿತು. ಪೆಟ್ಟಿಗೆ ಗಾಳಿ ಬಿಗಿ ಅಲ್ಲ, ಜುಲೈಯಲ್ಲಿ ಕೆಲವೇ ದಿನಕ್ಕೆ ಜೆಲ್ ತೇವ ಕುಡಿದು ಸತ್ತಿತು. ಚೀಲ ಕಾಯಿಲ್ ಬದಿಗೆ ಸರಿದರೆ ಫ್ರೀಕ್ವೆನ್ಸಿಯೂ ಸರಿಯುತ್ತದೆ. ರಿಗ್ಗಿನ ಅಡಿಯ ಶೆಲ್ಫಿನಲ್ಲಿ ಹಳೆ ಝೀರೋ ಬಲ್ಬ್ ಉರಿಸುವುದೇ ಮೇಲು. ಹೆಸರಿಗೆ ಝೀರೋ, ತಿನ್ನುವುದು 15 ವ್ಯಾಟ್. ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಹನ್ನೊಂದು ಯೂನಿಟ್. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ದುಡ್ಡು ಕೊಡಬಹುದು.

ಜಾರಾಟಕ್ಕೆ ಎನ್750 ಕೆಪಾಸಿಟರ್ (ಬಿಸಿಯಾದಂತೆ ಅಳತೆ ಇಳಿಯುವಂಥದ್ದು) ಹಾಕಿ ಸರಿದೂಗಿಸುವವರು ಒಂದು ಲೆಕ್ಕ ನೆನಪಿಡಿ. 40 ಮೀಟರಿನಲ್ಲಿ ಹೆಟ್ 15.895 ಮೆಗಾಹರ್ಟ್ಜ್, ಅದರಲ್ಲಿ ಐಎಫ್ (ರಿಗ್ಗಿನೊಳಗಿನ ಮಧ್ಯಂತರ ಫ್ರೀಕ್ವೆನ್ಸಿ) 3.395 ಮತ್ತು ವಿಎಫ್‌ಒ 5.5 ಕಳೆದರೆ 7.0. ಅಂದರೆ ವಿಎಫ್‌ಒ ಇಳಿದರೆ ರಿಗ್ಗಿನ ಫ್ರೀಕ್ವೆನ್ಸಿ ಏರುತ್ತದೆ. ಡಯಲ್ ನೋಡಿ ದಿಕ್ಕು ತೀರ್ಮಾನಿಸಿದರೆ ಜಾರಾಟ ದುಪ್ಪಟ್ಟಾಗುತ್ತದೆ.

ಕೊನೆಗೆ ಡಯಲ್ ಹೊಂದಿಸುವುದು, ರಿಗ್ಗಿನ 25 ಕಿಲೋಹರ್ಟ್ಜ್ ಮಾರ್ಕರ್ (ಡಯಲ್ ತಾಳೆ ನೋಡಲು ಇರುವ ಸಿಗ್ನಲ್) ಸಾಕು. ಡಯಲ್ 0ಯಲ್ಲಿ ಟ್ರಿಮ್ಮರ್ (ಹೊಂದಿಸುವ ಪುಟ್ಟ ಕೆಪಾಸಿಟರ್), 500ರಲ್ಲಿ ಕಾಯಿಲ್ ಕೋರ್. ಒಂದನ್ನು ತಿರುಗಿಸಿದರೆ ಇನ್ನೊಂದು ಕದಲುತ್ತದೆ, ಎರಡೂ ಕೂಡುವ ತನಕ ಅತ್ತಿಂದಿತ್ತ ಹೋಗಬೇಕು. ಮುಚ್ಚಳ ಹಾಕಿದ ಕೂಡಲೇ ಫ್ರೀಕ್ವೆನ್ಸಿ ಮತ್ತೆ ಸರಿಯುತ್ತದೆ. ಎಷ್ಟು ಸರಿಯಿತೆಂದು ಬರೆದಿಟ್ಟು, ಮುಚ್ಚಳ ತೆಗೆದು ಅಷ್ಟನ್ನೇ ಎದುರು ದಿಕ್ಕಿಗೆ ಕೊಟ್ಟು ಸ್ಕ್ರೂ ಬಿಗಿಯಿರಿ.