987654321ನ್ನು ಕೈಯಲ್ಲೇ ಬಿಡಿಸಿದ್ದು

ಒಂಬತ್ತರಿಂದ ಒಂದರವರೆಗೆ ಅಂಕಿಗಳನ್ನು ಇಳಿಸಿ ಬರೆದರೆ 987654321. ಇದನ್ನು ಕ್ಯಾಲ್ಕುಲೇಟರ್ ಮುಟ್ಟದೆ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಬೇಕು ಅಂತ ಹೊರಟೆ.

ಮೊದಲ ಹೆಜ್ಜೆ ಸುಲಭ. ಅಂಕಿಗಳ ಮೊತ್ತ 45, ಹಾಗಾಗಿ 9ರಿಂದ ಭಾಗ ಹೋಗುತ್ತದೆ. ಉಳಿದದ್ದು 109739369. ಇದರ ಅಂಕಿಗಳ ಮೊತ್ತ 47, ಅಲ್ಲಿಗೆ 3ರ ಕೆಲಸ ಮುಗಿಯಿತು.

7, 11, 13 ಮೂರನ್ನೂ ಒಟ್ಟಿಗೆ ನೋಡಬಹುದು. ಮೂರರ ಗುಣಲಬ್ಧ 1001 ಅಲ್ವಾ? ಅದಕ್ಕೇ ಮೂಲ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಒಡೆದು, ಒಂದು ಬಿಟ್ಟು ಒಂದು ಕಳೆಯುತ್ತಾ ಕೂಡಿಸಿದರೆ ಸಾಕು: 987 − 654 + 321 = 654. ಇದನ್ನು 7ರಿಂದ ಭಾಗಿಸಿದರೆ ಶೇಷ 3, 11ರಿಂದ 5, 13ರಿಂದ 4. ಮೂರೂ ಇಲ್ಲ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಆಮೇಲೆ 17. 109ರಲ್ಲಿ 6 ಸಲ, ಉಳಿದದ್ದು 7. 77ರಲ್ಲಿ 4 ಸಲ, ಉಳಿದದ್ದು 9. ಹೀಗೇ ಇಳಿಸುತ್ತಾ ಹೋದರೆ ಕೊನೆಗೆ 119 ಬಂತು. ಹದಿನೇಳೇಳ್ಲೆ ನೂರಹತ್ತೊಂಬತ್ತು, ಶೇಷ ಸೊನ್ನೆ! ಭಾಗಲಬ್ಧ 6455257.

ಇಲ್ಲೇ ತಪ್ಪಿದೆ. ಖುಷಿಯಲ್ಲಿ ನೇರವಾಗಿ 19ಕ್ಕೆ ಹೋದೆ. 6455257ರ ವರ್ಗಮೂಲ 2540ರ ಆಸುಪಾಸು. ಅಲ್ಲಿವರೆಗೆ 371 ಅವಿಭಾಜ್ಯ ಸಂಖ್ಯೆಗಳಿವೆ. ಎರಡು ಸಂಜೆ ಕೂತು 307ರವರೆಗೆ ಬಂದೆ. ಒಂದೂ ಭಾಗ ಹೋಗಲಿಲ್ಲ. ಮೊದಲಿಂದ ಲೆಕ್ಕ ಸರಿ ಇದೆಯಾ ನೋಡೋಣ ಅಂತ ಹಾಳೆ ಹಿಂದೆ ತಿರುಗಿಸಿದೆ. ಸುಮ್ನೆ 6455257ನ್ನೂ 17ರಿಂದ ಭಾಗಿಸಿದೆ. ಮತ್ತೆ ಶೇಷ ಸೊನ್ನೆ. 17 ಎರಡು ಸಲ ಕೂತಿತ್ತು!

ಈಗ ಉಳಿದದ್ದು 379721. ವರ್ಗಮೂಲ 616ಕ್ಕಿಂತ ಚೂರು ಜಾಸ್ತಿ. ಅಂದರೆ 613ರವರೆಗೆ ನೋಡಿದರೆ ಸಾಕು, ಒಟ್ಟು 112 ಅವಿಭಾಜ್ಯಗಳು. ಸಮಾಧಾನದ ವಿಷಯ ಅಂದರೆ ಆ ಎರಡು ಸಂಜೆಯ ಕೆಲಸ ದಂಡವಾಗಲಿಲ್ಲ. 6455257ನ್ನು ಭಾಗಿಸದ ಸಂಖ್ಯೆ 379721ನ್ನೂ ಭಾಗಿಸಲಾರದು. 307ರವರೆಗಿನ 63ರಲ್ಲಿ 17ನ್ನು ಮಾತ್ರ ಇನ್ನೊಮ್ಮೆ ನೋಡಿದೆ, ಹೋಗಲಿಲ್ಲ. 311ರಿಂದ ಮುಂದೆ 49 ಭಾಗಾಕಾರ ಬಾಕಿ. ಒಂದೊಂದೇ ಶೇಷ ಬರೆದುಕೊಂಡೆ. ಕೊನೆಯದು 613, ಶೇಷ 274. 379721 ಅವಿಭಾಜ್ಯವೇ!

987654321 = 3² × 17² × 379721. ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 3 × 3 × 2, ಅಂದರೆ 18 ಭಾಜಕಗಳು.

ಅಷ್ಟಾದ ಮೇಲೆ ಏರಿಕೆಯ ಸಂಖ್ಯೆ 123456789 ನೆನಪಾಯಿತು. ಇವೆರಡರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಷ್ಟಿರಬಹುದು? ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದೆ. 123456789 × 8 = 987654312. ಕೊನೆಯ ಎರಡು ಅಂಕಿ ಮಾತ್ರ ಅದಲುಬದಲು, ಶೇಷ 9. ಆ 9 ಚಿಕ್ಕ ಸಂಖ್ಯೆಯನ್ನೂ ಭಾಗಿಸುತ್ತದೆ. ಮ.ಸಾ.ಅ. 9, ಎರಡೇ ಸಾಲಿನಲ್ಲಿ.